ಚಿತ್ರಕಲಾವಿದ ಕೆ. ವೆಂಕಟಪ್ಪ

ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರಿಗೆ ಕುಂಚ ಹಿಡಿಯುವುದು ಮನೆಯ ವಿದ್ಯೆ. ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಹೆಚ್ಚಿನ ಕಲಿಕೆಗಾಗಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಟಾಗೋರರು ಗುರುಗಳು. ನಂದಲಾಲ್ ಬೋಸ್ ಜೊತೆಗಾರರು.

ಗುರುಗಳದು ‘ವಾಶ್’ ವಿಧಾನ. ಜಪಾನಿನಿಂದ ಬಂದಿದ್ದ ಕಲಾವಿದರ ಕೆಲಸ ನೋಡಿ ಅವರು ರೂಪಿಸಿಕೊಂಡದ್ದು. ತೆಳುವಾಗಿ ಬಣ್ಣ ಹಚ್ಚುವುದು, ಒಣಗಿದ ಮೇಲೆ ಕಾಗದವನ್ನೇ ನೀರಿನಲ್ಲಿ ನೆನೆಸುವುದು, ಮತ್ತೆ ಹಚ್ಚುವುದು. ಹೀಗೆ ಪದರಗಳು ಸೇರಿ ಚಿತ್ರಕ್ಕೆ ಮಂಜು ಕವಿದಂಥ ಮೃದುತ್ವ ಬರುತ್ತದೆ. ಪುರಾಣದ ಪ್ರಸಂಗಗಳಿಗೆ ಅದು ಬಹಳ ಒಪ್ಪುತ್ತಿತ್ತು. 1916ರಲ್ಲಿ ಕಲ್ಕತ್ತೆ ಬಿಡುವ ಹೊತ್ತಿಗೆ ವೆಂಕಟಪ್ಪನವರು ಆ ಪಂಥದ ಮುಖ್ಯ ಶಿಷ್ಯರಲ್ಲಿ ಒಬ್ಬರಾಗಿದ್ದರು.

ಹೆಸರು ತಂದ ಆ ವಿಧಾನದಲ್ಲೇ ಅವರು ನಿಂತುಬಿಡಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. 1920ರ ದಶಕದಲ್ಲಿ ಊಟಿಯ, ಮುಂದೆ ಕೊಡೈಕೆನಾಲಿನ ಬೆಟ್ಟಗಳೆದುರು ಕುಳಿತಾಗ ಹಳೆಯ ಪಾಠ ಸಾಲದಾಯಿತು. ಮಂಜು ಎಲ್ಲವನ್ನೂ ಒಂದೇ ಸಮ ಮುಸುಕಿದರೆ ಬಂಡೆಗೂ ನೀರಿಗೂ ವ್ಯತ್ಯಾಸ ಉಳಿಯುವುದಿಲ್ಲ. ನಲವತ್ತರ ಹತ್ತಿರದ ವಯಸ್ಸಿನಲ್ಲಿ ಅವರು ಕಣ್ಣೆದುರಿನ ನೋಟವನ್ನೇ ಗುರುವಾಗಿಸಿಕೊಂಡರು. ಪದರ ಹಚ್ಚುವುದನ್ನು ಬಿಡಲಿಲ್ಲ, ಮಸುಕನ್ನು ಬಿಟ್ಟರು.

ಜಲವರ್ಣದಲ್ಲಿ ಬೆಳಕೆಂದರೆ ಬಿಳಿ ಬಣ್ಣವಲ್ಲ, ಬಣ್ಣ ತಾಗದೆ ಉಳಿದ ಕಾಗದ. ಮೋಡದ ಅಂಚು, ಕೆರೆಯ ಹೊಳಪು ಎಲ್ಲಿ ಬರಬೇಕೆಂದು ಮೊದಲೇ ಗೊತ್ತುಮಾಡಿಕೊಂಡು ಅಲ್ಲಿ ಜಾಗ ಬಿಡಬೇಕು. ಬಂಡೆಯ ನೆರಳಿಗೆ ತೆಳು ಬಣ್ಣ ಹಚ್ಚಿ, ಒಣಗಲು ಕಾದು, ಅದರ ಮೇಲೆ ಇನ್ನೊಂದು ಹಚ್ಚಬೇಕು. ಕಾಯದಿದ್ದರೆ ಎಲ್ಲವೂ ಕೆಸರು. ನಮ್ಮ ನಲ್ಲೂರಿನ ಹುಣಸೆ ತೋಪು ಬರೆಯಿರೆಂದರೆ ಮಕ್ಕಳು ಮೊದಲು ಕಪ್ಪನ್ನೇ ಬಳಿಯುತ್ತಾರೆ. ಆಮೇಲೆ ಎಲೆಗಳ ನಡುವಿನ ಬಿಸಿಲನ್ನು ಎಲ್ಲಿಂದ ತರುವುದು? ವೆಂಕಟಪ್ಪನವರು ಬೆಳದಿಂಗಳಿನ ಊಟಿಯನ್ನೂ ಚದುರುವ ಮುಂಗಾರು ಮೋಡಗಳನ್ನೂ ಬರೆದದ್ದು ಈ ತಾಳ್ಮೆಯಿಂದ.

ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಮದುವೆಯಾಗಲಿಲ್ಲ. ಸ್ವಭಾವ ಬಹಳ ಬಿಗಿ. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಬಳಿಕ, ಅರಮನೆಗಾಗಿ ಮಾಡುತ್ತಿದ್ದ ಉಬ್ಬುಶಿಲ್ಪಗಳ ವಿಚಾರದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಆಮೇಲಿನ ಬಾಳು ಬೆಂಗಳೂರಿನಲ್ಲಿ, 1965ರಲ್ಲಿ ನಿಧನರಾದರು.

ಅವರ ಹೆಸರಿನ ಚಿತ್ರಶಾಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ. ಪಕ್ಕದ ವಸ್ತುಸಂಗ್ರಹಾಲಯ ನೋಡಲು ಹೋಗುವ ನಮ್ಮ ಮಕ್ಕಳು ಅದನ್ನೂ ಹೊಕ್ಕು, ಊಟಿಯ ಚಿತ್ರಗಳ ಹತ್ತಿರ ನಿಂತು, ಕಾಗದದ ಬಿಳುಪು ಎಲ್ಲೆಲ್ಲಿ ಉಳಿದಿದೆ ಎಂದು ಹುಡುಕಿ ನೋಡಲಿ.