ಬಿ.ಎ. ಓದಿದ ಇಂಜಿನಿಯರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ಯಾರಿದ್ದಾರೆ? ಕನ್ನಂಬಾಡಿ ಕಟ್ಟೆ, ದಿವಾನಗಿರಿ, ಭಾರತರತ್ನ, ಇವೆಲ್ಲ ಪ್ರಾಥಮಿಕ ಶಾಲೆಯ ಪಾಠದಿಂದಲೇ ನಮಗೆ ಬಾಯಿಪಾಠವಾಗಿವೆ. ಅವರ ಗಡಿಯಾರದ ಕಥೆ, ಮೇಣದ ಬತ್ತಿಯ ಕಥೆಗಳನ್ನೂ ಭಾಷಣಕಾರರು ಸವೆಯುವಷ್ಟು ಹೇಳಿದ್ದಾರೆ. ನಾನು ಅವನ್ನು ಮತ್ತೆ ಹೇಳಹೊರಟಿಲ್ಲ. ಅವರು ವಿದ್ಯಾರ್ಥಿಯಾಗಿ ತಮ್ಮ ಓದನ್ನು ಹೇಗೆ ಜೋಡಿಸಿಕೊಂಡರು ಎಂಬುದೇ ನನ್ನ ಕುತೂಹಲದ ವಿಷಯ. ಏಕೆಂದರೆ ಆ ಮಹಾ ಇಂಜಿನಿಯರು ಮೊದಲು ಪಡೆದ ಪದವಿ ನಾವು ಈಗ ಓದುತ್ತಿರುವ ಬಿ.ಎ.ಯೇ.

ನಮ್ಮ ಮಾಕಳಿದುರ್ಗದಿಂದ ಅವರ ಮುದ್ದೇನಹಳ್ಳಿ ಬಹಳ ದೂರವಲ್ಲ. ನಡುವೆ ನಂದಿಯ ಬೆಟ್ಟಸಾಲು ಅಡ್ಡ ನಿಂತಿದೆ, ಅಷ್ಟೆ. ಅಲ್ಲಿ ಶ್ರೀನಿವಾಸಶಾಸ್ತ್ರಿ, ವೆಂಕಟಲಕ್ಷ್ಮಮ್ಮ ದಂಪತಿಗಳ ಮಗನಾಗಿ ೧೮೬೦ರ ಸೆಪ್ಟೆಂಬರ್ ೧೫ರಂದು ಅವರು ಜನಿಸಿದರು. (೧೮೬೧ ಎಂದು ಬರೆಯುವವರೂ ಉಂಟು.) ಚಿಕ್ಕಬಳ್ಳಾಪುರದಲ್ಲಿ ಮೊದಲ ಓದು. ಎಳೆಯ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡರು. ಮುಂದಿನ ಓದಿಗೆ ಬೆಂಗಳೂರಿಗೆ ಹೋಗಲೇಬೇಕಾಯಿತು. ಆಗ ಆ ದಾರಿಯಲ್ಲಿ ರೈಲಾಗಲಿ ಬಸ್ಸಾಗಲಿ ಇರಲಿಲ್ಲವೆಂಬುದನ್ನು ನೆನೆಯಬೇಕು.

ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರ ಆಸರೆ ದೊರೆಯಿತು. ಆದರೂ ಹಣದ ತಾಪತ್ರಯ ತಪ್ಪಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಲೇ ಒಂದು ಕೊಡಗಿನ ಕುಟುಂಬದ ಮಕ್ಕಳಿಗೆ ಪಾಠ ಹೇಳಿ, ಆ ಮನೆಯಲ್ಲಿಯೇ ತಂಗುತ್ತಿದ್ದರು. ಊಟಕ್ಕೆ ಮಾವನ ಮನೆಗೆ ನಡೆದುಹೋಗುತ್ತಿದ್ದರು. ತನ್ನ ಪಾಠ, ಪರರ ಮಕ್ಕಳ ಪಾಠ, ಎರಡು ಮನೆಗಳ ನಡುವಿನ ನಡಿಗೆ, ಇಷ್ಟನ್ನೂ ಒಂದು ಹಗಲಿನಲ್ಲಿ ಹೊಂದಿಸಬೇಕಾದ ಹುಡುಗನಿಗೆ ವೇಳಾಪಟ್ಟಿ ಒಂದು ಶೋಕಿಯಾಗಿರಲಾರದು. ಮುಂದೆ ಲೋಕಪ್ರಸಿದ್ಧವಾದ ಅವರ ಕಾಲನಿಷ್ಠೆಯ ಬೇರು ಇಲ್ಲಿಯೇ ಇದೆಯೆಂದು ನನ್ನ ಊಹೆ. ಪ್ರಾಂಶುಪಾಲರಾದ ಚಾರ್ಲ್ಸ್ ವಾಟರ್ಸ್ ಅವರು ಈ ಶಿಷ್ಯನನ್ನು ಮೆಚ್ಚಿ ವೆಬ್‌ಸ್ಟರ್ ನಿಘಂಟೊಂದನ್ನು ಉಡುಗೊರೆಯಾಗಿ ಕೊಟ್ಟರು. ೧೮೮೧ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿ ಕೈಸೇರಿತು.

ಬಿ.ಎ. ಆದವನು ಇಂಜಿನಿಯರಿಂಗಿಗೆ ಹೋದುದಾದರೂ ಹೇಗೆ? ಈ ಪ್ರಶ್ನೆಯನ್ನು ನಾನು ಸುಮ್ಮನೆ ಕೇಳುತ್ತಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಹತ್ತನೆಯ ತರಗತಿ ಮುಗಿದಾಗ ವಿಜ್ಞಾನಕ್ಕೆ ಬೇಕಾದ ಹಣವೂ ಇರಲಿಲ್ಲ, ಯಾವ ವಿಷಯ ತೆಗೆದುಕೊಂಡರೆ ಯಾವ ಬಾಗಿಲು ತೆರೆಯುವುದೆಂದು ತಿಳಿಸುವವರೂ ಇರಲಿಲ್ಲ. ಇಂದಿನ ಪದ್ಧತಿಯಲ್ಲಿ ಹದಿನಾರರ ವಯಸ್ಸಿನಲ್ಲಿ ಗಣಿತವನ್ನು ಬಿಟ್ಟವನಿಗೆ ಇಂಜಿನಿಯರಿಂಗ್ ಪದವಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ. ವಿಶ್ವೇಶ್ವರಯ್ಯನವರ ಕಾಲದ ಬಿ.ಎ. ಹಾಗಿರಲಿಲ್ಲ, ಗಣಿತ, ವಿಜ್ಞಾನಗಳನ್ನೂ ಆ ಪದವಿಗಾಗಿಯೇ ಓದುತ್ತಿದ್ದರು. ಆದುದರಿಂದ ಇಪ್ಪತ್ತನೆಯ ವಯಸ್ಸಿನಲ್ಲಿಯೂ ದಾರಿಯನ್ನು ಆರಿಸಿಕೊಳ್ಳುವ ಅವಕಾಶ ಅವರಿಗಿತ್ತು. ಬಿ.ಎ. ಓದಿಯೂ ಅವರು ಇಂಜಿನಿಯರಾದರು ಎಂದು ನಮಗೆ ಸಮಾಧಾನ ಹೇಳುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಅವಕಾಶವೊಂದೇ ಸಾಲದು, ಹಣವೂ ಬೇಕಷ್ಟೆ. ಅದೇ ೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರ ಮನೆತನಕ್ಕೆ ಮರಳಿತ್ತು. ರಂಗಾಚಾರ್ಲು ಅವರು ದಿವಾನರಾಗಿದ್ದರು. ಸರ್ಕಾರದ ವಿದ್ಯಾರ್ಥಿವೇತನ ದೊರೆತು, ತರುಣ ವಿಶ್ವೇಶ್ವರಯ್ಯನವರು ಪುಣೆಯ ಸೈನ್ಸ್ ಕಾಲೇಜನ್ನು ಸೇರಿದರು. ಆ ವೇತನವಿಲ್ಲದೆ ಎಷ್ಟೇ ಜಾಣತನದ ವೇಳಾಪಟ್ಟಿಯೂ ಅವರನ್ನು ಅಲ್ಲಿಗೆ ಮುಟ್ಟಿಸುತ್ತಿರಲಿಲ್ಲ. ಆದರೆ ದೊರೆತ ಕಾಲವನ್ನು ಅವರು ಬಳಸಿಕೊಂಡ ಬಗೆ ಅವರದೇ. ೧೮೮೩ರ ನವೆಂಬರಿನಲ್ಲಿ ಎಲ್.ಸಿ.ಇ. ಹಾಗೂ ಎಫ್.ಸಿ.ಇ. ಪರೀಕ್ಷೆಗಳಲ್ಲಿ ಮುಂಬಯಿ ಪ್ರಾಂತಕ್ಕೇ ಮೊದಲಿಗರಾಗಿ, ಜೇಮ್ಸ್ ಬರ್ಕ್ಲಿ ಬಹುಮಾನವನ್ನು ಪಡೆದರು. ಅವು ಇಂದಿನ ಬಿ.ಇ.ಗೆ ಸಮಾನವಾದ ಪರೀಕ್ಷೆಗಳು. ಬಿ.ಎ.ಗೂ ಇದಕ್ಕೂ ನಡುವೆ ಮೂರು ವರ್ಷಗಳೂ ಇಲ್ಲ! ಎಂಟು ಸೆಮಿಸ್ಟರುಗಳ ಕ್ರೆಡಿಟ್‌ಗಳನ್ನು ಎಣಿಸುತ್ತ, ಉಳಿದುಹೋದ ವಿಷಯಗಳ ಚಿಂತೆಯಲ್ಲಿರುವ ನನ್ನ ಇಂಜಿನಿಯರಿಂಗ್ ಮಿತ್ರರು ಇದನ್ನು ಓದಿ ಮುನಿಯದಿರಲಿ.

೧೮೮೪ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ. ಖಾನದೇಶದಲ್ಲಿ ಪಾಂಜ್ರಾ ನದಿಗೆ ಅಡ್ಡಲಾಗಿ ನೀರಿನ ಕೊಳವೆ ಹಾಯಿಸುವುದು ಅವರ ಮೊದಲ ಕೆಲಸಗಳಲ್ಲಿ ಒಂದು. ಅಲ್ಲಿಂದ ಸಕ್ಕರ್, ಖಡಕ್‌ವಾಸ್ಲಾ, ಏಡನ್, ಹೈದರಾಬಾದ್. ೧೯೦೯ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್, ೧೯೧೨ರಲ್ಲಿ ದಿವಾನರು. ಈ ಸಾಧನೆಗಳೆಲ್ಲ ವಾಚಕರಿಗೆ ತಿಳಿದವೇ.

ಅವರ ದಿವಾನಗಿರಿಯಲ್ಲಿ ನನಗೆ ಕಟ್ಟೆಗಿಂತ ದೊಡ್ಡದಾಗಿ ಕಾಣುವುದು ಬೇರೊಂದು ಕೆಲಸ. ಪದವಿಗಾಗಿ ತಾವು ಪರಪ್ರಾಂತಕ್ಕೆ ಹೋಗಬೇಕಾಗಿ ಬಂದುದನ್ನು ಅವರು ಮರೆತಿರಲಾರರು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಮರುವರ್ಷ, ೧೯೧೭ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಮೈಸೂರಿನ ಬಡ ಹುಡುಗನೊಬ್ಬ ಪುಣೆಗೋ ಮದರಾಸಿಗೋ ಅಲೆಯದೆ ಇಂಜಿನಿಯರಾಗುವುದು ಅಂದಿನಿಂದ ಸಾಧ್ಯವಾಯಿತು. ೧೯೬೨ರ ಏಪ್ರಿಲ್ ೧೪ರಂದು ಅವರು ತೀರಿಕೊಂಡರು. ಆ ಕಾಲೇಜು ಈಗ ಅವರ ಹೆಸರನ್ನೇ ಹೊತ್ತು ಕೆ.ಆರ್. ವೃತ್ತದಲ್ಲಿದೆ. ಅವರು ಬಿ.ಎ. ಓದಿದ ಸೆಂಟ್ರಲ್ ಕಾಲೇಜು ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ೧೮೮೧ರಲ್ಲಿ ಆ ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಹೋಗಲು ಅವರು ಪುಣೆಯವರೆಗೆ ಎಂಟುನೂರು ಕಿಲೋಮೀಟರು ಪ್ರಯಾಣ ಮಾಡಬೇಕಾಗಿತ್ತು.