ಸೀರೆ ಉಟ್ಟು ‘ಸವಾಯಿ’ ಆದ ಕುಂದಗೋಳದ ರಾಮಭಾವು

ಸವ್ವಾ ಅಂದ್ರ ಎಷ್ಟು ಅಂತ ಪ್ಯಾಟಿ ಮಂದಿಗೆ ಹೇಳಿಕೊಡಬೇಕಾಗಿಲ್ಲ. ಒಂದರ ಮ್ಯಾಲೆ ಕಾಲು. ಅಂಗಡಿಯ ಈ ಲೆಕ್ಕದ ಮಾತೇ ಧಾರವಾಡ ಜಿಲ್ಲೆಯ ಒಬ್ಬ ಗವಾಯಿಯ ಹೆಸರಾಯಿತು. ಅವರೇ ಕುಂದಗೋಳದ ಸವಾಯಿ ಗಂಧರ್ವರು. ಆ ಬಿರುದು ಬಂದದ್ದು ಸೀರೆ ಉಟ್ಟು, ಬಳೆ ತೊಟ್ಟು ರಂಗದ ಮೇಲೆ ನಿಂತಾಗ ಎಂಬುದು ಮಾತ್ರ ಬಹಳ ಮಂದಿಗೆ ಮರೆತುಹೋಗಿದೆ.

ರಾಮಚಂದ್ರ ಗಣೇಶ ಸೌಂಶಿ ಹುಟ್ಟಿದ್ದು 1886ರಲ್ಲಿ. ಎಲ್ಲರ ಬಾಯಲ್ಲಿ ರಾಮಭಾವು. ಕುಂದಗೋಳ ಆಗ ಜಮಖಂಡಿ ಸಂಸ್ಥಾನದ ಊರು. ಅಲ್ಲಿಯ ನಾಡಗೀರರ ವಾಡೆಗೆ ದೊಡ್ಡ ದೊಡ್ಡ ಗವಾಯಿಗಳು ಬಂದು ಹಾಡುತ್ತಿದ್ದರು. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರ ಬೆನ್ನು ಹತ್ತಿ ರಾಮಭಾವು ವರ್ಷಗಟ್ಟಲೆ ಕಲಿತರು. ಅವರ ಗಂಟಲು ಹುಟ್ಟಾ ಮಿದುವಾದದ್ದಲ್ಲ. ತಿಕ್ಕಿ ತಿಕ್ಕಿ ಪಳಗಿಸಿದ್ದು.

ಮುಂದೆ ನಾಟಕ ಕಂಪನಿ ಸೇರಿದರು. ಮರ್ಯಾದಸ್ಥರ ಮನೆಯ ಹೆಣ್ಣುಮಗಳು ರಂಗ ಏರಿದರೆ ಊರೇ ಬೈಯುವ ಕಾಲ ಅದು. ಹಿಂಗಾಗಿ ಹೆಣ್ಣಿನ ಪಾತ್ರವೆಲ್ಲ ಗಂಡಸರ ಪಾಲು. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿಯಲ್ಲಿ ಬರೆದ ‘ಸೌಭದ್ರ’ ನಾಟಕದಲ್ಲಿ ರಾಮಭಾವು ಸುಭದ್ರೆಯಾದರು. ಮಹಾರಾಷ್ಟ್ರದಲ್ಲಿ ಸ್ತ್ರೀ ಪಾತ್ರಕ್ಕೆ ಆಗ ಬಾಲಗಂಧರ್ವರದೇ ಹೆಸರು. ಅವರಿಗಿಂತ ಕಾಲು ಪಾಲು ಹೆಚ್ಚು ಅನ್ನುವ ಹಾಗೆ ಅಮರಾವತಿಯ ದಾದಾಸಾಹೇಬ ಖಾಪರ್ಡೆಯವರು ಇವರನ್ನು ಸವಾಯಿ ಗಂಧರ್ವ ಅಂತ ಕರೆದರು. ಕನ್ನಡ ಸೀಮೆಯ ಹುಡುಗ ಮರಾಠಿ ರಂಗದಲ್ಲಿ ಹೆಣ್ಣಾಗಿ ಗೆದ್ದು ಬಂದ.

ಇಲ್ಲಿ ಒಂದು ಮಾತು ವಿಚಾರ ಮಾಡಬೇಕು. ಗಂಡಸು ಸೀರೆ ಉಟ್ಟು ಹಾಡಿದರೆ ರೊಕ್ಕ ಕೊಟ್ಟು, ಚಪ್ಪಾಳೆ ತಟ್ಟಿ ನೋಡಿದ ಮಂದಿಯೇ, ಹೆಣ್ಣು ಅದೇ ಹಾಡು ಹಾಡಿದರೆ ಮುಖ ತಿರುವಿದರು. ನಡಿಗೆ ಮಾತಿನಾಗ ಹೆಣ್ಣಿನ ಛಾಯೆ ಇದ್ದ ಹುಡುಗ ಓಣಿಯಾಗ ಹೋದರೆ ನಕ್ಕವರೂ ಅವರೇ. ರಂಗದ ಪರದೆಯ ಆಚೆ ಒಂದು ನ್ಯಾಯ, ಈಚೆ ಇನ್ನೊಂದು!

ರಾಮಭಾವು ಅದಕ್ಕೆ ಉತ್ತರ ಕೊಟ್ಟದ್ದು ವಿದ್ಯೆ ಕಲಿಸುವುದರಲ್ಲಿ. ನಾಟಕ ಬಿಟ್ಟು ಕುಂದಗೋಳದಲ್ಲಿ ನೆಲೆ ನಿಂತ ಮೇಲೆ ಭೀಮಸೇನ ಜೋಶಿ, ಫಿರೋಜ್ ದಸ್ತೂರರಂಥ ಶಿಷ್ಯರು ಬಂದರು. ಅವರ ಜೋಡಿ ಒಬ್ಬ ಹೆಣ್ಣುಮಗಳೂ ಬಂದರು. ಜಾತಿಯ ಕಾರಣಕ್ಕೆ ಬಾಲ್ಯದಿಂದಲೂ ಹೀನಾಯ ಮಾತು ಕೇಳಿದ್ದ ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು, ಮತ್ತೆ ರೈಲಿಗೆ ಮನೆಗೆ. ಒಂದೊಂದು ಸ್ವರವನ್ನೂ ಗುರುಗಳು ಸೈ ಅನ್ನುವ ತನಕ ಬಿಡುತ್ತಿರಲಿಲ್ಲ.

ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಗಂಡಸರಂತೆ ದಪ್ಪಾಯಿತು. ಆ ದನಿಯಲ್ಲೇ ಅವರು ದೇಶಕ್ಕೆಲ್ಲ ಹೆಸರಾದರು. ಗುರು ಗಂಡಸು, ಹೆಣ್ಣಾಗಿ ಹಾಡಿ ಗೆದ್ದವರು. ಶಿಷ್ಯೆ ಹೆಂಗಸು, ಗಂಡು ದನಿಯಲ್ಲಿ ಗೆದ್ದವರು. ಸ್ವರಕ್ಕೆ ಸಾಧನೆ ಗೊತ್ತು, ಗಂಡು ಹೆಣ್ಣಿನ ಹಂಗು ಗೊತ್ತಿಲ್ಲ.

1942ರಲ್ಲಿ ರಾಮಭಾವು ಅವರಿಗೆ ಲಕ್ವ ಹೊಡೆಯಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಅಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯಿತು. ಕುಂದಗೋಳದ ವಾಡೆಯಲ್ಲೂ ಅವರ ನೆನಪಿಗೆ ರಾತ್ರಿಯಿಡೀ ಸಂಗೀತ ನಡೆಯುತ್ತ ಬಂದಿದೆ. ಹಾಡು ಕೇಳಲು ಹೋದವರು ಸುಭದ್ರೆಯ ಸೀರೆಯನ್ನೂ ಒಮ್ಮೆ ನೆನೆಸಿಕೊಳ್ಳಲಿ. ಓಣಿಯ ಹುಡುಗನನ್ನು ನೋಡಿ ನಗುವ ಮೊದಲು ಅದನ್ನೇ ಇನ್ನೊಮ್ಮೆ ನೆನೆಸಿಕೊಳ್ಳಲಿ.