ಫ್ರಾನ್ಸಿಸ್ ಬುಕಾನನ್ ಮತ್ತು ತುಳುನಾಡಿನ ಮೂಲದಾಳುಗಳು

ತುಳುನಾಡಿನ ಸಾಮಾಜಿಕ ಚರಿತ್ರೆಯನ್ನು ಕುರಿತು ಬರೆಯುವವರೆಲ್ಲರೂ ಒಮ್ಮೆಯಾದರೂ ತೆರೆದಿರುವ ಗ್ರಂಥ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನ. ಗದ್ದೆಗಳ ವರ್ಗೀಕರಣ, ಗೇಣಿಯ ಪ್ರಮಾಣ, ಬಸದಿಗಳ ಸ್ಥಿತಿಗತಿ ಮುಂತಾದವುಗಳಿಗೆ ಆಧಾರವಾಗಿ ಈ ಗ್ರಂಥವನ್ನು ಬಳಸುವುದು ರೂಢಿ. ಅದೇ ಪುಟಗಳಲ್ಲಿ ಮನುಷ್ಯರನ್ನು ಕೊಳ್ಳುವ, ಮಾರುವ ಪದ್ಧತಿಯ ವಿವರಗಳೂ ಇವೆ. ಅವುಗಳತ್ತ ಗಮನ ಹರಿದಿರುವುದು ಕಡಿಮೆ. ಈ ವಿವರಗಳನ್ನು ಬರೆದವನ ಸ್ವಂತ ಜೀವನದ ಜೊತೆಗಿಟ್ಟು ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಬುಕಾನನ್ ವಂಶಾವಳಿಗಳಲ್ಲಿ ಅಪಾರ ಆಸಕ್ತಿಯುಳ್ಳವನಾಗಿದ್ದ. ಆದರೆ ಆತ ತುಳುನಾಡಿನಲ್ಲಿ ಕಂಡ ಮೂಲದಾಳುಗಳಿಗೆ ಆತನ ಬರೆಹದಲ್ಲಿ ವಂಶವಿರಲಿ, ಹೆಸರೂ ಇಲ್ಲ.

ಬುಕಾನನ್ ಜನಿಸಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ತಂದೆ ಥಾಮಸ್ ಬುಕಾನನ್ ವೈದ್ಯ, ಸ್ಪಿಟಲ್ ಎಂಬಲ್ಲಿನ ಮನೆತನದವನು. ತಾಯಿ ಎಲಿಜಬೆತ್ ಬಾರ್ಡೋವಿಯ ಹ್ಯಾಮಿಲ್ಟನ್ ಮನೆತನದವಳು. ಕಿರಿಯ ಮಗನಾದುದರಿಂದ ಆಸ್ತಿಯನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಗ್ಲಾಸ್ಗೋದಲ್ಲಿ ಓದಿ, 1783ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದ. ಅಲ್ಲಿ ಜಾನ್ ಹೋಪ್‌ನಿಂದ ಕಲಿತ ಸಸ್ಯಶಾಸ್ತ್ರ ಆತನ ಜೀವನದ ಮುಖ್ಯ ವ್ಯಾಸಂಗವಾಯಿತು.

ದಾಸ್ಯವೆಂಬುದು ಆತನಿಗೆ ಪೂರ್ವದೇಶಗಳಲ್ಲಿ ಮಾತ್ರ ಕಂಡ ವಿಚಿತ್ರವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ಕಾಟ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ, ಉಪ್ಪು ಬೇಯಿಸುವ ಕೇಂದ್ರಗಳಲ್ಲಿ ದುಡಿಯುವವರು ಜೀವನಪರ್ಯಂತ ಒಡೆಯನಿಗೆ ಕಟ್ಟುಬಿದ್ದವರಾಗಿದ್ದರು. ಅವರ ಬಿಡುಗಡೆಗೆ 1775ರಲ್ಲಿ ಒಂದು ಕಾಯಿದೆ ಬಂದು, ಅದು ಸಾಲದೆ 1799ರಲ್ಲಿ ಇನ್ನೊಂದು ಬರಬೇಕಾಯಿತು. ಪರ್ತ್‌ಶೈರಿನ ಜಮೀನುದಾರನೊಬ್ಬನು ಜಮೈಕಾದಿಂದ ಕರೆತಂದಿದ್ದ ಜೋಸೆಫ್ ನೈಟ್ ಎಂಬಾತ ನ್ಯಾಯಾಲಯದ ಮೆಟ್ಟಿಲೇರಿ ಸ್ವತಂತ್ರನಾದದ್ದು 1778ರಲ್ಲಿ. ಆಗ ಬುಕಾನನ್ ಹದಿನಾರರ ತರುಣ.

ಹಡಗುಗಳಲ್ಲಿ ವೈದ್ಯನಾಗಿ ದುಡಿದ ಮೇಲೆ ಬುಕಾನನ್ 1794ರಲ್ಲಿ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಯನ್ನು ಸೇರಿದ. ಮರುವರ್ಷ ಮೈಕೇಲ್ ಸೈಮ್ಸ್‌ನ ನಿಯೋಗದೊಡನೆ ಬರ್ಮಾದ ಆವಾಕ್ಕೆ ಹೋಗಿಬಂದ. 1799ರಲ್ಲಿ ಶ್ರೀರಂಗಪಟ್ಟಣ ಪತನವಾಗಿ ಟಿಪ್ಪುವಿನ ಸೀಮೆಗಳು ಕೈಸೇರಿದಾಗ, ಅಲ್ಲಿನ ಕೃಷಿ, ವ್ಯಾಪಾರ, ಜನರ ಸ್ಥಿತಿಗಳನ್ನು ತಿಳಿದುಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಆಯ್ದುಕೊಂಡದ್ದು ಈತನನ್ನು. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಬುಕಾನನ್ ಮೈಸೂರು, ಮಲಬಾರುಗಳನ್ನು ಸುತ್ತಿ 1801ರ ಆರಂಭದಲ್ಲಿ ಚಂದ್ರಗಿರಿ ಹೊಳೆಯನ್ನು ದಾಟಿ ತುಳುನಾಡಿಗೆ ಬಂದ.

ಆಗ ಕೆನರಾ ಜಿಲ್ಲೆ ಎರಡು ವಿಭಾಗವಾಗಿತ್ತು. ದಕ್ಷಿಣದ ಕಲೆಕ್ಟರನಾಗಿದ್ದವನು ರಾವೆನ್‌ಷಾ. ಮಂಗಳೂರಿನಿಂದ ನೇತ್ರಾವತಿಯ ಗುಂಟ ಅರ್ಕುಳ, ಬಂಟ್ವಾಳಗಳ ಕಡೆಗೆ ಸಾಗಿದ ಬುಕಾನನ್, ಬೆಳ್ತಂಗಡಿಯ ಸಮೀಪದ ಜಮಾಲಾಬಾದಿನ ಬಂಡೆಕೋಟೆಯನ್ನು ನೋಡಿ, ವೇಣೂರಿನ ಗೊಮ್ಮಟನನ್ನು ಕಂಡು, ಮೂಡುಬಿದಿರೆಗೂ ಅಲ್ಲಿಂದ ಕಾರ್ಕಳಕ್ಕೂ ಹೋದ. ಹೋದಲ್ಲೆಲ್ಲ ಸಾಗುವಳಿದಾರರನ್ನೂ ಪುರೋಹಿತರನ್ನೂ ಕೂಡಿಸಿ ಕೇಳಿದ್ದನ್ನು ದಿನಚರಿಯ ರೂಪದಲ್ಲಿ ಬರೆದಿಟ್ಟ.

ಈ ದಿನಚರಿಯಲ್ಲಿ ತುಳುನಾಡಿನ ಬೇಸಾಯದ ದುಡಿಮೆಗಾರರು ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತಾರೆ: ಕೂಲಿಯಾಳುಗಳು ಮತ್ತು ಮೂಲದಾಳುಗಳು. ಮೂಲದಾಳು ಎಂಬುದನ್ನು ಬುಕಾನನ್ ಕೊಂಡ ಆಳು ಎಂದು ಅರ್ಥೈಸಿದ. ಗಂಡಾಳಿಗೆ, ಹೆಣ್ಣಾಳಿಗೆ ದಿನಕ್ಕೆ ಅಳೆದುಕೊಡುವ ಅಕ್ಕಿ, ಕೊಡುವ ಬಟ್ಟೆ, ಮಾರಾಟದ ಬೆಲೆ ಎಲ್ಲವನ್ನೂ ವಿಚಾರಿಸಿದ. ಸ್ಥಳೀಯ ಅಳತೆಯನ್ನು ಇಂಗ್ಲಿಷ್ ಅಳತೆಗೆ, ವರಹವನ್ನು ಪೌಂಡಿಗೆ ಪರಿವರ್ತಿಸಿ ಲೆಕ್ಕ ಕಟ್ಟಿದ. ಒಂದು ಎಕರೆ ಗದ್ದೆಯ ಖರ್ಚುವೆಚ್ಚವನ್ನು ಬರೆಯುವ ಕ್ರಮವೇ ಇಲ್ಲಿಯೂ ಇದೆ. ಆತ ನಿರ್ದಯಿಯಾಗಿದ್ದ ಎನ್ನಲು ಇದು ಆಧಾರವಾಗದು. ಆದರೆ ಕೇಳಬಹುದಾಗಿದ್ದ ಒಂದು ಪ್ರಶ್ನೆಯನ್ನು ಆತ ಕೇಳಲಿಲ್ಲ.

ಆ ಪ್ರಶ್ನೆ ತಾಯಿಯ ಬಳಿಯದು. ಬಂಟರ ನಡುವೆ ಆಸ್ತಿ ಸೋದರಳಿಯನಿಗೆ ಹೋಗುವುದನ್ನು ಬುಕಾನನ್ ಎಚ್ಚರದಿಂದ ಗುರುತಿಸಿಕೊಂಡ. ಆತ ನೋಡಿದ ವೇಣೂರಿನ ಗೊಮ್ಮಟನನ್ನು 1604ರಲ್ಲಿ ನಿಲ್ಲಿಸಿದ ತಿಮ್ಮರಾಜ ಅಜಿಲನ ಶಾಸನ ಆ ಅರಸನ ತಾಯಿಯನ್ನೂ ಸೋದರಮಾವನನ್ನೂ ಹೆಸರಿಸುತ್ತದೆ. ಗುತ್ತು ಬರ್ಕೆಗಳ ಮನೆತನಗಳು ಇಂದಿಗೂ ತಮ್ಮ ಕವರುಗಳನ್ನು ಹೀಗೆಯೇ ಹೇಳುತ್ತವೆ. ಮೂಲದವರಲ್ಲಿಯೂ ಬಳಿಗಳಿದ್ದವು, ಅವೂ ತಾಯಿಯಿಂದಲೇ ಇಳಿಯುತ್ತಿದ್ದವು. ಒಂದೇ ಊರಿನಲ್ಲಿ, ಒಂದೇ ಬಗೆಯ ಸಂತಾನಕ್ರಮದಲ್ಲಿ, ಒಬ್ಬಳ ಮಕ್ಕಳು ಗದ್ದೆಯ ಹಕ್ಕನ್ನು ಪಡೆದರೆ ಇನ್ನೊಬ್ಬಳ ಮಕ್ಕಳು ಅದೇ ಗದ್ದೆಗೆ ಸೇರಿದವರಾಗಿ ಎಣಿಕೆಗೊಳ್ಳುತ್ತಿದ್ದರು. ಮೂಲ ಎಂಬ ಶಬ್ದಕ್ಕೆ ಬುಡ, ಆದಿ ಎಂಬ ಅರ್ಥಗಳೂ ಇವೆ ಎಂಬುದನ್ನು ಭಾಷೆಯ ವಿದ್ಯಾರ್ಥಿಗಳು ಮರೆಯಲಾರರು. ಮನೆಯ ಬುಡಕ್ಕೆ ಅಂಟಿದವರನ್ನು ಕೊಂಡವರು ಎಂದಷ್ಟೇ ತಿಳಿದುದರಲ್ಲಿ ಬುಕಾನನ್‌ನ ದೃಷ್ಟಿಯ ಮಿತಿಯಿದೆ.

ಆದರೂ ಒಂದು ಕಡೆ ಆತ ಈ ಮಿತಿಯನ್ನು ದಾಟಿದ. ಕೊರಗರ ಅರಸನೆಂದು ಹೇಳಲಾಗುವ ಹಬಾಷಿಕನ ಐತಿಹ್ಯ ಆತನ ಗ್ರಂಥದಲ್ಲಿ ಸೇರಿದೆ. ಹಿಂದೆ ಈ ನಾಡನ್ನಾಳಿದ ಅರಸನ ಪರಿವಾರದವರೇ ಸೋತು ಆಳುಗಳಾದರೆಂಬುದು ಅದರ ತಿರುಳು. ಐತಿಹ್ಯದ ಚಾರಿತ್ರಿಕತೆ ಏನೇ ಇರಲಿ, ಆಳುತನ ಹುಟ್ಟಿನಿಂದ ಬಂದದ್ದಲ್ಲ, ಒಂದು ಸೋಲಿನಿಂದ ಬಂದದ್ದು ಎಂಬ ತಿಳಿವಳಿಕೆ ಅದರಲ್ಲಿದೆ. ಪಾಡ್ದನಗಳಲ್ಲಿ ಈ ಬಗೆಯ ನೆನಪು ಇನ್ನೂ ಸೂಕ್ಷ್ಮವಾಗಿದೆ. ತಬ್ಬಲಿಯಾದ ಕೊರಗ ತನಿಯನನ್ನು ಸಾಕಿದ ಮೈರಕ್ಕೆ ಬೈದೆದಿಯ ಹೆಸರನ್ನು ಪಾಡ್ದನ ಉಳಿಸಿಕೊಂಡಿದೆ. ಏಳು ಜನರ ಹೊರೆಯನ್ನು ಒಬ್ಬನೇ ಹೊತ್ತು ಮಾಯವಾದ ಆತನನ್ನು ಇಂದು ಎಲ್ಲ ಜಾತಿಯವರೂ ಅಜ್ಜ ಎನ್ನುತ್ತಾರೆ. ದಫ್ತರದ ಕಾಗದಗಳು ಬಿಟ್ಟುದನ್ನು ಹುಡುಕುವ ಸಂಶೋಧಕರು ಕೊರಗರ ಕೊಪ್ಪಗಳಿಗೂ ಪಾಡ್ದನ ಹಾಡುವ ಹೆಂಗಸರ ಬಳಿಗೂ ಹೋಗಬೇಕಾದುದು ಇದೇ ಕಾರಣಕ್ಕೆ.

ಪ್ರವಾಸ ಮುಗಿದದ್ದು 1801ರ ಜುಲೈ 6ರಂದು. ಗ್ರಂಥ ಮೂರು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಪ್ರಕಟವಾದದ್ದು 1807ರಲ್ಲಿ. ಬ್ರಿಟಿಷ್ ಸಂಸತ್ತು ಅಟ್ಲಾಂಟಿಕ್‌ನ ಗುಲಾಮ ವ್ಯಾಪಾರವನ್ನು ನಿಷೇಧಿಸಿದ್ದೂ ಅದೇ ವರ್ಷ. ಮೂಲದಾಳುಗಳಿಗೆ ಆ ಕಾಯಿದೆ ಅನ್ವಯಿಸಲಿಲ್ಲ. 1819ರಲ್ಲಿ ಕಲೆಕ್ಟರ್ ಹ್ಯಾರಿಸ್ ಇಡೀ ಕೆನರಾದಲ್ಲಿ ಸುಮಾರು 82,000 ಮಂದಿ ಆಳುಗಳಿದ್ದಾರೆಂದು ಅಂದಾಜಿಸಿದ.

ಬುಕಾನನ್ ಅಷ್ಟರಲ್ಲಿ ನೇಪಾಳವನ್ನು ಕಂಡು, 1807ರಿಂದ 1814ರ ವರೆಗೆ ಬಂಗಾಳ ಬಿಹಾರಗಳ ಸಮೀಕ್ಷೆ ನಡೆಸಿ, ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿ, 1815ರಲ್ಲಿ ಸ್ವದೇಶಕ್ಕೆ ಮರಳಿದ್ದ. ತಾಯಿಯ ಕಡೆಯ ಆಸ್ತಿ ಕೈಗೆ ಬಂದಿತು. ಅದರೊಡನೆ ತಾಯಿಯ ಮನೆತನದ ಹೆಸರೂ ಬಂದು ಆತ ಫ್ರಾನ್ಸಿಸ್ ಹ್ಯಾಮಿಲ್ಟನ್ ಆದ. ತುಳುನಾಡಿನಲ್ಲಿ ಅಳಿಯಸಂತಾನವನ್ನು ವಿಚಿತ್ರವೆಂಬಂತೆ ಬರೆದುಕೊಂಡವನು ತಾಯಿಯ ಮನೆಯ ಹೆಸರಿನಲ್ಲಿಯೇ ಮುಂದಿನ ಗ್ರಂಥಗಳನ್ನು ಪ್ರಕಟಿಸಿದನೆಂಬುದು ಸ್ವಾರಸ್ಯಕರ. 1819ರಲ್ಲಿ ಹೊರಬಂದವುಗಳಲ್ಲಿ ಒಂದು, ಪುರಾಣಗಳಿಂದ ಹೆಕ್ಕಿ ತೆಗೆದ ಹಿಂದೂ ರಾಜವಂಶಾವಳಿಗಳ ಸಂಗ್ರಹ. ಕೊನೆಯ ವರ್ಷಗಳಲ್ಲಿ ತಂದೆಯ ಕಡೆಯ ಬುಕಾನನ್ ಕುಲದ ನಾಯಕತ್ವ ತನಗೆ ಸಲ್ಲಬೇಕೆಂದು ಹಳೆಯ ದಾಖಲೆಗಳನ್ನು ಮುಂದಿಟ್ಟು ವಾದ ಮಂಡಿಸಿದ.

ಬುಕಾನನ್ ತೀರಿಕೊಂಡದ್ದು 1829ರ ಜೂನ್ 15ರಂದು. 1841ರಲ್ಲಿ ಭಾರತದ ಕಾನೂನು ಆಯೋಗ ದಾಸ್ಯವನ್ನು ಕುರಿತು ವರದಿ ಸಲ್ಲಿಸಿದಾಗ ಆತನ ಬರೆಹಗಳೂ ಅದಕ್ಕೆ ಆಕರವಾದವು. ಅದರ ಹಿಂದೆಯೇ ಬಂದ 1843ರ ಐದನೆಯ ಕಾಯಿದೆ ಆಳಿನ ಮೇಲಿನ ಒಡೆತನಕ್ಕೆ ನ್ಯಾಯಾಲಯದ ಬೆಂಬಲವನ್ನು ತೆಗೆದುಹಾಕಿತು. ಆಳನ್ನು ಕೊಳ್ಳುವುದು ಮಾರುವುದು ಅಪರಾಧವೆನಿಸಿದ್ದು 1862ರಲ್ಲಿ ದಂಡಸಂಹಿತೆ ಜಾರಿಗೆ ಬಂದಾಗ. ಒಡೆಯರು ಬದಲಾಗಲಿಲ್ಲ, ಗುಡಿಸಲುಗಳೂ ಬದಲಾಗಲಿಲ್ಲ. ಬೆಲೆಯ ಜಾಗಕ್ಕೆ ಸಾಲ ಬಂತು. ಜೀತ ಪದ್ಧತಿಯ ನಿಷೇಧಕ್ಕೆ 1976ರ ಕಾಯಿದೆಯೂ, ಕೊರಗರ ಮೇಲಿನ ಅಜಲು ಪದ್ಧತಿಯ ನಿಷೇಧಕ್ಕೆ 2000ದ ಕರ್ನಾಟಕದ ಕಾಯಿದೆಯೂ ಬರಬೇಕಾಯಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗುತ್ತಿನ ಮನೆಗಳ ಚರಿತ್ರೆ ಬರೆಯುವವರು ಕವರುಗಳ ಪಟ್ಟಿಯ ಪಕ್ಕದಲ್ಲಿ ಆ ಮನೆಯ ಮೂಲದವರ ಬಳಿಗಳನ್ನೂ ಬರೆದುಕೊಳ್ಳುವ ಕೆಲಸ ಇನ್ನೂ ಆಗಬೇಕಾಗಿದೆ.